ಬರಪರಿಹಾರವೂ ಪಹಣಿಯ ಹೆಸರೂ

ಬರಗಾಲದಲ್ಲಿ ಸರ್ಕಾರದವರು ರೈತರಿಗೆ ಕೊಡತಕ್ಕ ಪರಿಹಾರವು ಸಾಲದೆಂಬ ದೂರು ಎಲ್ಲೆಲ್ಲಿಯೂ ಕೇಳಬರುತ್ತದೆ. ದೂರು ಸುಳ್ಳಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗ, ನೂರಕ್ಕೆ 33 ಪಾಲಾದರೂ ಬೆಳೆ ಹೋದ ಖುಷ್ಕಿ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿಯೆಂದೂ, ಎರಡು ಹೆಕ್ಟೇರನ್ನು ಮೀರಕೂಡದೆಂದೂ ನಿಯಮವಿದ್ದಿತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440 ರೂಪಾಯಿ. ಮುಂಗಾರಿನಲ್ಲಿ ಬಿತ್ತಿದವನಿಗೆ 2,000 ರೂಪಾಯಿ ಮೀರದ ಮೊದಲ ಕಂತು 2024ರ ಆರಂಭದಲ್ಲಿಯೂ, ಉಳಿದದ್ದು ಮೇ ತಿಂಗಳಲ್ಲಿಯೂ ದೊರೆಯಿತು.

ಆದರೆ ತಡವಾಗಿಯಾದರೂ ಪಡೆದವನ ಸಂಕಟ ಒಂದು, ಏನನ್ನೂ ಪಡೆಯದವನ ಸಂಕಟ ಮತ್ತೊಂದು. ಹಣವು ಪಹಣಿಯಲ್ಲಿ ಹೆಸರಿರುವವನ ಬ್ಯಾಂಕು ಖಾತೆಗೆ ನೇರವಾಗಿ ಹೋಗುತ್ತದೆ. ನಡುವೆ ಕೈಯೊಡ್ಡುವವರಿಗೆ ಎಡೆಗೊಡದ ಈ ಕ್ರಮವು ಒಳ್ಳೆಯದೇ ಸರಿ. ಆದಾಗ್ಯೂ ಪಾಲಿಗೆ ಉಳುವವನ ಹೆಸರು ಅಲ್ಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯು, ಸೈನಿಕರೇ ಮೊದಲಾದ ಕೆಲವರ ಹೊರತು, ಗೇಣಿಯನ್ನೇ ನಿಷೇಧಿಸಿದ್ದರಿಂದ ಕರಾರೆಲ್ಲವೂ ಬಾಯಿಮಾತಿನದು. ಬರೆದುಕೊಡಲು ಒಡೆಯನಿಗೂ ಭಯ, ಕೇಳಲು ಉಳುವವನಿಗೂ ಭಯ. ಪರಿಹಾರವನ್ನು ಪಾಲಿನವನ ಕೈಗೇ ಒಪ್ಪಿಸಿದ ಒಡೆಯರನ್ನೂ ನಾನು ಬಲ್ಲೆನು. ಆದರೆ ಬಿತ್ತಿ ನಷ್ಟಪಟ್ಟವನು ಮತ್ತೊಬ್ಬರ ದಾಕ್ಷಿಣ್ಯವನ್ನು ಕಾದಿರಬೇಕೆ?

ಬೆಳೆ ಸಮೀಕ್ಷೆಗಾಗಿ ಈಗ ಹೊಲಹೊಲಕ್ಕೂ ಹೋಗಿ ಮೊಬೈಲಿನಲ್ಲಿ ಬೆಳೆಯ ಚಿತ್ರವನ್ನು ತೆಗೆಯುವುದುಂಟಷ್ಟೆ. ಬಿತ್ತಿದವರಾರೆಂದು ಆಗಲೇ ವಿಚಾರಿಸಿ ಬರೆದುಕೊಳ್ಳುವುದಕ್ಕೆ ಇನ್ನೊಂದು ಅಂಕಣ ಸಾಕು. ಆ ಬರಹವು ಗೇಣಿಹಕ್ಕಿಗೆ ಸಾಕ್ಷ್ಯವಾಗತಕ್ಕದ್ದಲ್ಲವೆಂದು ಕಾನೂನಿನಲ್ಲಿಯೇ ಸೇರಿಸಿದರೆ ಒಡೆಯರ ಆಕ್ಷೇಪಣೆಯೂ ತಗ್ಗೀತು.

ತೀರಿಹೋದ ತಂದೆಯ ಹೆಸರಿನಲ್ಲಿಯೇ ಪಹಣಿಯನ್ನುಳಿಸಿಕೊಂಡು ಪರಿಹಾರ ತಪ್ಪಿತೆಂದು ಅಲೆಯುವ ಮಕ್ಕಳಿಗೆ ಕಾನೂನು ಅಡ್ಡಿಯಿಲ್ಲ. ಅವರು ಮುಂದಿನ ಬಿತ್ತನೆಗೆ ಮುಂಚಿತವಾಗಿಯೇ ಪೌತಿ ಖಾತೆಗೆ ಅರ್ಜಿ ಕೊಡಲಿ.