ಅತಿಥಿಗೆ ವಿಶ್ರಾಂತಿ, ಆತಿಥೇಯರಿಗೆ?

ನಮ್ಮ ಕರಾವಳಿಯಲ್ಲಿ ಮಳೆ ಸುರಿಯುವ ಜೂನ್-ಜುಲೈ ತಿಂಗಳುಗಳಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಾಂಬಿಯಾ ದೇಶದಲ್ಲಿ ಒಣ ಚಳಿಗಾಲ. ಮೆಕ್ಕೆಜೋಳದ ಕೊಯ್ಲು ಮುಗಿದಿರುತ್ತದೆ, ಹಳ್ಳಿಯ ಮಣ್ಣಿನ ರಸ್ತೆಗಳಲ್ಲಿ ವಾಹನ ಓಡಾಡುತ್ತದೆ. ಹೊರದೇಶದ ಧರ್ಮಗುರುಗಳು, ಧರ್ಮಭಗಿನಿಯರು ಮತ್ತು ಶ್ರೀಸಾಮಾನ್ಯ ಸೇವಕರು ಅಲ್ಲಿನ ಗ್ರಾಮೀಣ ಮಿಶನ್ ಕೇಂದ್ರಗಳಿಗೆ ಹೋಗಲು ಇದು ಅನುಕೂಲದ ಕಾಲ. ಸ್ವಲ್ಪ ವಿಶ್ರಾಂತಿ, ಸ್ವಲ್ಪ ಸೇವೆ ಎಂಬುದು ಇಂತಹ ಪ್ರವಾಸಗಳ ಉದ್ದೇಶ. ಒಂದು ದಿನ ವಿಕ್ಟೋರಿಯಾ ಜಲಪಾತ, ಭಾನುವಾರ ಹಳ್ಳಿಯ ಪ್ರಾರ್ಥನಾಲಯದಲ್ಲಿ ಬಲಿಪೂಜೆ.

ಇದರಲ್ಲಿ ತಪ್ಪೇನೂ ಇಲ್ಲ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಯೇಸುವೇ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದು ವಿಶ್ರಮಿಸಲು ಹೇಳುತ್ತಾರೆ. ಆದರೆ ಆ ಕರೆ ಬಂದದ್ದು ಊರೂರು ಸುತ್ತಿ, ಊಟಕ್ಕೂ ಬಿಡುವಿಲ್ಲದೆ ದುಡಿದವರಿಗೆ ಎಂಬುದನ್ನು ಗಮನಿಸಬೇಕು. ಹಾಗಾದರೆ ಜಾಂಬಿಯಾದ ಹಳ್ಳಿಯಲ್ಲಿ ಆ ಮಾತು ಮೊದಲು ಯಾರಿಗೆ ಸಲ್ಲಬೇಕು? ಬಂದ ಅತಿಥಿಗೋ, ಅಲ್ಲೇ ಇರುವ ಸೇವಕನಿಗೋ?

ಅಲ್ಲಿನ ಪರಿಸ್ಥಿತಿ ನೋಡೋಣ. ದಕ್ಷಿಣ ಜಾಂಬಿಯಾದ ಮೊಂಜೆ ಧರ್ಮಕ್ಷೇತ್ರದಲ್ಲಿ ಚಿಕುನಿ ಎಂಬ ಹಳೆಯ ಮಿಶನ್ ಇದೆ. 1905ರಲ್ಲಿ ಯೇಸುಸಭೆಯ ಫಾದರ್ ಜೋಸೆಫ್ ಮೊರೊ ಅದನ್ನು ಸ್ಥಾಪಿಸಿದರು. ತೋಂಗಾ ರೈತರಿಗೆ ಎತ್ತಿನ ನೇಗಿಲ ಬೇಸಾಯ ಕಲಿಸಿದವರೆಂದು ಇಂದಿಗೂ ಅವರನ್ನು ನೆನೆಯುತ್ತಾರೆ. ಆದರೆ ನೇಗಿಲಿದ್ದರೂ ಮಳೆ ಬೇಕಲ್ಲ! 2024ರ ಫೆಬ್ರವರಿ 29ರಂದು ಜಾಂಬಿಯಾದ ಅಧ್ಯಕ್ಷರು ಬರಗಾಲವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿದಾಗ ದೇಶದ 116 ಜಿಲ್ಲೆಗಳ ಪೈಕಿ 84 ಜಿಲ್ಲೆಗಳು ಬರಪೀಡಿತವಾಗಿದ್ದವು. ಕರೀಬಾ ಅಣೆಕಟ್ಟಿನ ನೀರು ಇಳಿದು ವಿದ್ಯುತ್ತೂ ಕೈಕೊಟ್ಟಿತು. ಮರುವರ್ಷದ ಜನವರಿಯಲ್ಲಿ ಅಮೆರಿಕ ಸರಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಆ ಭಾಗದ ದೇಶಗಳಲ್ಲಿ ಎಚ್‌ಐವಿ ಸೇವೆಗಳು ಅಸ್ತವ್ಯಸ್ತವಾದವು.

ಇಂತಹ ಸಂದರ್ಭದಲ್ಲಿ ಜನರು ಮೊದಲು ತಟ್ಟುವುದು ಹಳ್ಳಿಯ ಉಪದೇಶಿಯ ಮನೆಯ ಬಾಗಿಲನ್ನು. ಧರ್ಮಗುರು ಹಲವಾರು ಉಪಕೇಂದ್ರಗಳನ್ನು ಸುತ್ತಬೇಕಾದ್ದರಿಂದ ಎಲ್ಲೆಡೆ ಪ್ರತಿ ಭಾನುವಾರ ಬಲಿಪೂಜೆ ಸಾಧ್ಯವಿಲ್ಲ. ಆ ಭಾನುವಾರಗಳಂದು ವಾಕ್ಯವಿಧಿ ನಡೆಸುವವರು, ಮಕ್ಕಳಿಗೆ ಧರ್ಮೋಪದೇಶ ಮಾಡುವವರು, ರೋಗಿಗಳನ್ನು ಕಾಣುವವರು, ಮಣ್ಣು ಮಾಡುವಾಗ ಪ್ರಾರ್ಥಿಸುವವರು ಉಪದೇಶಿಗಳೇ. ಅವರೂ ರೈತರು, ಬರ ಅವರ ಹೊಲವನ್ನೂ ಬಿಡಲಿಲ್ಲ. ಅತಿಥಿ ಬಂದರೆ ಕೋಳಿ ಕೊಯ್ಯುವುದು, ನೀರು ಹೊತ್ತು ತರುವುದು ಅದೇ ಮನೆಯವರು.

ಧರ್ಮಗುರುವಿನ ವಿಶ್ರಾಂತಿಗೆ ಕಾನೂನಿನ ಬೆಂಬಲವಿದೆ. ಧರ್ಮಸಭೆಯ ಕಾನೂನು ಸಂಹಿತೆಯ 533ನೆಯ ವಿಧಿಯಂತೆ ವಿಚಾರಣಾ ಗುರುಗಳು ಧ್ಯಾನಕೂಟದ ದಿನಗಳಲ್ಲದೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಬಹುದು. ಆಗ ವಿಚಾರಣೆಯನ್ನು ನೋಡಿಕೊಳ್ಳಲು ಇನ್ನೊಬ್ಬ ಗುರುವಿನ ವ್ಯವಸ್ಥೆಗೆ ಧರ್ಮಾಧ್ಯಕ್ಷರು ನಿಯಮ ರೂಪಿಸಬೇಕು. ಉಪದೇಶಿಗೆ ಅಂತಹ ವಿಧಿಯಿಲ್ಲ. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಗೌರವ ಸಿಕ್ಕಿತು, ರಜೆ ಸಿಗಲಿಲ್ಲ.

ಹಾಗಾದರೆ ಅತಿಥಿಯೇ ಉಪದೇಶಿಯ ಕೆಲಸ ವಹಿಸಿಕೊಳ್ಳಬಹುದಲ್ಲವೇ? ಇಲ್ಲೊಂದು ತೊಡಕಿದೆ. ಅತಿಥಿಗೆ ತೋಂಗಾ ಭಾಷೆ ಬಾರದು. ಪ್ರವಚನವನ್ನು ಭಾಷಾಂತರಿಸಲು ಪಕ್ಕದಲ್ಲಿ ನಿಲ್ಲಬೇಕಾದವನು ಅದೇ ಉಪದೇಶಿ! ಇಂಗ್ಲಿಷ್ ಬಲ್ಲ ಗುರುವೊಬ್ಬರು ಒಂದು ತಿಂಗಳು ನಿಂತರೆ ಸ್ಥಳೀಯ ಗುರುಗಳಿಗೆ ರಜೆ ಕೊಡಿಸಬಹುದು, ಅದು ಸಣ್ಣ ಸೇವೆಯಲ್ಲ. ಆದರೆ ಉಪದೇಶಿಗೆ ವಿಶ್ರಾಂತಿ ಸಿಗಬೇಕಾದರೆ ಅದೇ ಹಳ್ಳಿಯಲ್ಲಿ ತರಬೇತಿ ಪಡೆದ ಎರಡನೆಯವನು, ಮೂರನೆಯವಳು ಬೇಕು.

ಇದಕ್ಕೆ ಉತ್ತರ ಆಫ್ರಿಕಾದಲ್ಲೇ ಹುಟ್ಟಿದೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ಫ್ರಿಟ್ಜ್ ಲೋಬಿಂಗರ್ ಮತ್ತು ಓಸ್ವಾಲ್ಡ್ ಹಿರ್ಮರ್ ಎಂಬ ಗುರುಗಳು ಹಳ್ಳಿಯ ನಾಯಕತ್ವ ಒಬ್ಬನ ಹೆಗಲ ಮೇಲಿರದೆ ತಂಡದ ಹೊಣೆಯಾಗಬೇಕೆಂದು ಕಲಿಸಿದರು. ಇಬ್ಬರೂ ಮುಂದೆ ಅದೇ ದೇಶದಲ್ಲಿ ಧರ್ಮಾಧ್ಯಕ್ಷರಾದರು. ನಮ್ಮ ವಾಳೆಗಳ ಕಿರು ಕ್ರೈಸ್ತ ಸಮುದಾಯಗಳಲ್ಲಿ ನಾವು ಬಳಸುವ ಏಳು ಹಂತಗಳ ಶುಭಸಂದೇಶ ಹಂಚಿಕೆ ಬಂದದ್ದು ಲುಮ್ಕೊದಿಂದಲೇ. ಆದ್ದರಿಂದ ನಾವು ಅಲ್ಲಿಗೆ ಹೋಗುವುದು ಕೊಡುವವರಾಗಿ ಮಾತ್ರವಲ್ಲ, ಸಾಲಗಾರರಾಗಿಯೂ ಹೌದು.

ನಮ್ಮಿಂದ ಅಲ್ಲಿಗೆ ಹೋಗುವವರು ಹೊರಡುವ ಮೊದಲೇ ಅಲ್ಲಿನ ಗುರುಗಳಲ್ಲಿ ಎರಡು ಮಾತು ಕೇಳಲಿ: 'ನಾನು ಬಂದರೆ ಯಾರಿಗೆ ರಜೆ ಸಿಗುತ್ತದೆ? ನನ್ನ ಖರ್ಚು ಯಾರ ಮೇಲೆ ಬೀಳುತ್ತದೆ?' ಕೊಯ್ಲಿಗೆ ಮುಂಚಿನ ಹಸಿವಿನ ತಿಂಗಳುಗಳಲ್ಲಿ ಹೋಗುವುದಾದರೆ ತಮ್ಮ ಊಟದ ಭಾರವನ್ನು ತಾವೇ ಹೊರಲಿ. ವಿಚಾರಣೆಯಿಂದ ಕಾಣಿಕೆ ಕಳುಹಿಸುವುದಾದರೆ ಗೋಡೆಯ ಮೇಲೆ ಹೆಸರು ಬರೆಸುವ ಕಟ್ಟಡಕ್ಕಿಂತ ಹೊಸ ಉಪದೇಶಿಗಳ ತರಬೇತಿಗೆ ಕಳುಹಿಸುವುದು ಲೇಸು.

ಇದೇ ಪ್ರಶ್ನೆಯನ್ನು ನಮ್ಮಲ್ಲೂ ಕೇಳಿಕೊಳ್ಳೋಣ. ಹತ್ತಾರು ವರ್ಷಗಳಿಂದ ಒಬ್ಬರೇ ಗುರ್ಕಾರರು, ಒಬ್ಬರೇ ಧರ್ಮೋಪದೇಶದ ಶಿಕ್ಷಕಿ ಇರುವ ವಾಳೆ ನಮ್ಮಲ್ಲಿಲ್ಲವೇ? ಅವರನ್ನು ಹೊಗಳಿ ಶಾಲು ಹೊದಿಸುತ್ತೇವೆ. ಅವರ ಕೆಲಸವನ್ನು ಒಂದು ಭಾನುವಾರವಾದರೂ ವಹಿಸಿಕೊಳ್ಳುವವರು ಯಾರು?