ಲ್ಯಾಪ್‌ಟಾಪು ಬಿಚ್ಚುವುದಕ್ಕೂ ಇಂಗ್ಲಿಷ್ ಬೇಕೆ?

ಭರಮಸಾಗರದ ಕಡೆ ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ರೈತ ಇಂಗ್ಲಿಷ್ ಡಿಕ್ಷನರಿ ಹುಡುಕುವುದಿಲ್ಲ. ಪೈಪು ಎತ್ತಿಸುತ್ತಾನೆ, ಮೋಟಾರನ್ನು ಗಾಡಿಗೆ ಹಾಕಿಕೊಂಡು ರೀವೈಂಡಿಂಗ್ ಅಂಗಡಿಗೆ ತರುತ್ತಾನೆ. ಅಲ್ಲಿ ಎಸ್ಸೆಸ್ಸೆಲ್ಸಿ ದಾಟದ ಹುಡುಗ ಅದನ್ನು ಬಿಚ್ಚಿ, ಸುಟ್ಟ ತಂತಿ ಕಿತ್ತು, ಸುತ್ತು ಎಣಿಸಿ, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ನೀರೆತ್ತುವ ಹಾಗೆ ಮಾಡಿಕೊಡುತ್ತಾನೆ. ಕಾಯಿಲು, ಬೇರಿಂಗು, ಬುಷ್ಷು, ಸ್ಟಾರ್ಟರು ಎಂಬ ಮಾತುಗಳು ಎಲ್ಲಿಂದಲೋ ಬಂದವು, ನಿಜ. ಆದರೆ ಕೆಲಸ ಕಲಿತದ್ದು ಕನ್ನಡದಲ್ಲಿ. ಅವನ ಉಸ್ತಾದ ಹೇಳಿಕೊಟ್ಟದ್ದು ಕನ್ನಡದಲ್ಲಿ, ತಪ್ಪಿದಾಗ ಬೈದದ್ದೂ ಕನ್ನಡದಲ್ಲಿ!

ಈಗ ಅದೇ ರೈತನ ಮನೆಯೊಳಗೆ ಬನ್ನಿ. ಅಟ್ಟದ ಮೇಲೋ ಬೀರುವಿನ ತಲೆಯ ಮೇಲೋ ಒಂದು ಲ್ಯಾಪ್‌ಟಾಪು ಬಿದ್ದಿರುತ್ತದೆ. 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲ್ಯಾಪ್‌ಟಾಪು ಹಂಚಿತಲ್ಲ, ಅದರಲ್ಲಿ ಒಂದಿರಬಹುದು. ಅಥವಾ ಈರುಳ್ಳಿಗೆ ರೇಟು ಸಿಕ್ಕ ವರ್ಷ ಅಪ್ಪ ಕೊಡಿಸಿದ್ದಿರಬಹುದು. ಆನ್ ಮಾಡಿದರೆ ಚಹಾ ಕಾಯಿಸಿ ಕುಡಿಯುವಷ್ಟು ಹೊತ್ತು ಬೇಕು. ಬ್ಯಾಟರಿ ಹತ್ತು ನಿಮಿಷ ನಿಲ್ಲುವುದಿಲ್ಲ. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. "ಕೆಟ್ಟೋಗಿದೆ" ಎಂದು ಮೂಲೆಗೆ ಇಟ್ಟಾಯಿತು.

ಕೆಟ್ಟಿಲ್ಲ ಸ್ವಾಮೀ! ಹೀಗೆ ಮೂಲೆ ಸೇರಿದವುಗಳಲ್ಲಿ ಅನೇಕವು ಕೆಟ್ಟವಲ್ಲ, ಬಿಚ್ಚಿ ಒಂದೆರಡು ಭಾಗ ಬದಲಿಸಿದರೆ ಎದ್ದು ಕೂರುವಂಥವು. ಅದನ್ನು ಬಿಚ್ಚುವುದು ಹೇಗೆಂಬುದು ಕನ್ನಡದಲ್ಲಿ ಎಲ್ಲೂ ಬರೆದಿಲ್ಲ, ಅದೇ ರೋಗ.

ಒಳಗೆ ಅಂಥ ಬ್ರಹ್ಮರಹಸ್ಯವೇನಿದೆ, ಒಮ್ಮೆ ನೋಡಿಯೇ ಬಿಡೋಣ. ಮೊದಲು ಬೇಕಾದ ಫೋಟೋ, ಕಾಗದಪತ್ರವನ್ನೆಲ್ಲ ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಆಮೇಲೆ ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚಿದರೆ ಸಾಲದು, ಅದು ನಿದ್ದೆ ಅಷ್ಟೆ. ಚಾರ್ಜರು ಕೀಳಿ. ಬೋರಲು ಹಾಕಿದರೆ ಎಂಟರಿಂದ ಹನ್ನೆರಡು ಸ್ಕ್ರೂ ಕಾಣುತ್ತವೆ. ಕೆಲವು ಕಂಪನಿಗಳು ಒಂದೆರಡನ್ನು ರಬ್ಬರು ಕಾಲಿನ ಕೆಳಗೆ ಬಚ್ಚಿಟ್ಟಿರುತ್ತವೆ. ಇಲ್ಲೇ ಎಡವುವುದು. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ನೇರ ಮದರ್‌ಬೋರ್ಡಿಗೆ ಚುಚ್ಚುತ್ತದೆ, ಅಲ್ಲಿಗೆ ಗೋವಿಂದ! ಅದಕ್ಕೆ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ, ಯಾವ ತೂತಿನ ಸ್ಕ್ರೂವನ್ನು ಅದೇ ಜಾಗದಲ್ಲಿ ಟೇಪು ಅಂಟಿಸಿ ಇಡಿ. ಮುಚ್ಚಳ ಎಬ್ಬಿಸಲು ಕಬ್ಬಿಣದ ಸ್ಕ್ರೂಡ್ರೈವರು ತುರುಕಬೇಡಿ. ಹಳೆಯ ಎಟಿಎಂ ಕಾರ್ಡು ಸಾಕು, ಅಂಚಿನಲ್ಲಿ ಸುತ್ತ ಜಾರಿಸುತ್ತ ಹೋದರೆ ಲಾಕುಗಳು ಟಕಟಕ ಬಿಡುತ್ತವೆ. ಕೆಲವು ಮಾಡೆಲ್ಲುಗಳಲ್ಲಿ ಮುಚ್ಚಳಕ್ಕೆ ಕಾಗದದಂಥ ತೆಳ್ಳನೆಯ ಪಟ್ಟಿ ವೈರು ಅಂಟಿಕೊಂಡಿರುತ್ತದೆ. ಜಗ್ಗಿದರೆ ಹರಿಯುತ್ತದೆ.

ಒಳಗೆ ಕೈ ಹಾಕುವ ಮುಂಚೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ. ಮೂಢನಂಬಿಕೆಯಲ್ಲ. ಚಿತ್ರದುರ್ಗದ ಒಣಹವೆಯಲ್ಲಿ, ಅದರಲ್ಲೂ ಪಾಲಿಯೆಸ್ಟರ್ ಬಟ್ಟೆ ಹಾಕಿದ್ದರೆ, ಮೈಮೇಲೆ ನಿಂತಿರುವ ವಿದ್ಯುತ್ತು ಚಿಪ್ಪಿಗೆ ಹಾರಿದರೆ ಸಾಕು, ನಿಮಗೆ ಗೊತ್ತೇ ಆಗದಂತೆ ಅದು ಸಾಯಬಹುದು. ಮೊಟ್ಟಮೊದಲು ಬ್ಯಾಟರಿಯ ಕನೆಕ್ಟರು ಬಿಡಿಸಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಬ್ಯಾಟರಿ ಹೊಟ್ಟೆ ಉಬ್ಬಿದ್ದರೆ ಅದನ್ನು ಒತ್ತುವುದು, ಚುಚ್ಚುವುದು, ಮೀಟುವುದು ಮಾಡಬೇಡಿ. ಲಿಥಿಯಂ ಹೊತ್ತಿಕೊಂಡರೆ ಮನೆ ಉಳಿಯುವುದಿಲ್ಲ. ಅದನ್ನು ತಿಳಿದವರ ಕೈಗೆ ಕೊಡಿ, ತಿಪ್ಪೆಗೆ ಎಸೆಯಬೇಡಿ.

ಇನ್ನು ಬದಲಿಸುವುದೇನು? ಹಳೆಯ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ, ನಿಮಿಷಕ್ಕೆ 5400 ಸುತ್ತು. ನಿಧಾನದ ಮೂಲ ಅದೇ. ಅದೇ ಅಳತೆಯ, ಎರಡೂವರೆ ಇಂಚಿನ ಎಸ್‌ಎಸ್‌ಡಿಯನ್ನು ಅದೇ ಗೂಡಿಗೆ ಕೂರಿಸಬಹುದು. ಒಳಗೆ ತಿರುಗುವ ಭಾಗವೇ ಇಲ್ಲ. ಆಗ ನೋಡಿ, ಆ ಮುದಿ ಯಂತ್ರ ಹೇಗೆ ಓಡುತ್ತದೆ! ರ‍್ಯಾಮ್ ಎಂಬುದು ಬೆರಳುದ್ದದ ಪಟ್ಟಿ. ಎರಡು ಪಕ್ಕದ ಕ್ಲಿಪ್ಪು ಬಿಡಿಸಿದರೆ ತಾನೇ ಓರೆಯಾಗಿ ಏಳುತ್ತದೆ, ಹೊಸದನ್ನು ಓರೆಯಾಗಿಯೇ ತೂರಿಸಿ ಕೆಳಗೆ ಒತ್ತಿದರೆ ಕೂರುತ್ತದೆ. ಡಿಡಿಆರ್3 ಪಟ್ಟಿ ಡಿಡಿಆರ್4 ಜಾಗಕ್ಕೆ ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ಕೊಳ್ಳುವ ಮುಂಚೆ ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ. ಇತ್ತೀಚಿನ ತೆಳ್ಳನೆಯ ಮಾಡೆಲ್ಲುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಕಳಿಸುತ್ತಾರೆ, ಬದಲಿಸುವ ಮಾತೇ ಇಲ್ಲ. ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ ಇದು, ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಫ್ಯಾನಿನೊಳಗೆ ನಮ್ಮ ಮೆಕ್ಕೆಜೋಳದ ಕಣದ ಧೂಳೇ ಕಂಬಳಿಯಂತೆ ಕೂತಿರುತ್ತದೆ. ಬ್ರಶ್ಶಿನಿಂದ ತೆಗೆದು, ಒಣಗಿದ ಪೇಸ್ಟು ಒರೆಸಿ, ತುಸುವೇ ಹೊಸ ಥರ್ಮಲ್ ಪೇಸ್ಟು ಹಚ್ಚಿದರೆ ಕೂಗು ನಿಲ್ಲುತ್ತದೆ.

ಇಷ್ಟೇ. ಇದರಲ್ಲಿ ಎಲ್ಲಿದೆ ಇಂಗ್ಲಿಷು? ಮೋಟಾರು ಸುತ್ತುವ ಹುಡುಗನಿಗೆ ಇದು ಅರ್ಧ ಗಂಟೆಯ ಕೆಲಸ.

ಆದರೆ ಅವನ ಕೈಗೆ ಇದು ಸಿಗದಂತೆ ಮಾಡಿದ್ದೇವೆ. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಬಿಟ್ಟಿಯಾಗಿಯೇ ಕೊಡುತ್ತವೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕೊಡುತ್ತವೆ. ಚಿತ್ರಸಮೇತ, ಸ್ಕ್ರೂ ಲೆಕ್ಕಸಮೇತ, ಇಂಗ್ಲಿಷಿನಲ್ಲಿ! ಸಹಾಯವಾಣಿಗೆ ಫೋನು ಮಾಡಿದರೆ "ಹಿಂದಿಗೆ ಎರಡು ಒತ್ತಿ" ಎಂಬ ದನಿ ಬರುತ್ತದೆ. ಮೂರು ಒತ್ತಿದರೂ ನಾಲ್ಕು ಒತ್ತಿದರೂ ಕನ್ನಡ ಬಾರದ ಕಂಪನಿಗಳಿವೆ. ಬಿಡಿಭಾಗ ಬೇಕೆಂದು ಬೆಂಗಳೂರಿಗೆ ಹೋದರೆ ಸಾದರ ಪತ್ರಪ್ಪ ರಸ್ತೆ. ಅಚ್ಚ ಕನ್ನಡಿಗರ ಹೆಸರು, ಅದನ್ನು 'ಎಸ್.ಪಿ. ರೋಡು' ಮಾಡಿಕೊಂಡು, ಅಂಗಡಿ ಅಂಗಡಿಯಲ್ಲೂ ವ್ಯವಹಾರ ಹಿಂದಿಯಲ್ಲಿ. ಹೊರಗಿನಿಂದ ಬಂದು ಬೆವರು ಸುರಿಸಿ ಕೆಲಸ ಕಲಿತವರ ಮೇಲೆ ನನಗೆ ಕೋಪವಿಲ್ಲ. ನಮ್ಮ ಹುಡುಗರು ಆ ಗಲ್ಲೆಯ ಹಿಂದೆ ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ. ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು, ಕನ್ನಡಿಗರಿಗೆ ಕೆಲಸ ಕೊಡಿ ಎಂದು ಇಂದಿಗೂ ಕೇಳುತ್ತಿದ್ದೇವೆ. ಕೇಳೋಣ, ಬಿಡಬಾರದು. ಆದರೆ ಯಾರ ಅರ್ಜಿಯೂ ಬೇಡದ, ಒಂದು ಸ್ಕ್ರೂಡ್ರೈವರ್ ಸೆಟ್ಟು ಮತ್ತು ಒಂದು ಮೇಜಿನಿಂದ ಶುರುವಾಗುವ ಈ ಕೆಲಸ ಭರಮಸಾಗರದಲ್ಲೇ, ಹಿರಿಯೂರಿನಲ್ಲೇ, ಹೊಸದುರ್ಗದಲ್ಲೇ ಇದೆಯಲ್ಲ!

ಇಲ್ಲಿ ನಮ್ಮವರಿಗೂ ಒಂದು ಮಾತು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕೆಂದು ಬೀದಿಗಿಳಿದದ್ದು ಸರಿ, 2024ರಲ್ಲಿ ಅದು ಕಾನೂನೂ ಆಯಿತು. ಹೊರಗಿನ ಬೋರ್ಡು ಶೇ. 60. ಒಳಗಿನ ಬೋರ್ಡು, ಅದೇ ಮದರ್‌ಬೋರ್ಡು, ಶೇ. ಸೊನ್ನೆ! ಅದಕ್ಕೆ ಯಾವಾಗ ಬೀದಿಗಿಳಿಯುವುದು?

ಕಂಪ್ಯೂಟರಿನ ಪರದೆಗೆ ಕನ್ನಡ ತಾನಾಗಿ ಬರಲಿಲ್ಲ. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿದರು, 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು, ಕನ್ನಡ ಗಣಕ ಪರಿಷತ್ತು 'ನುಡಿ' ತಂದಿತು. ದೂರದ ಮಾತೇಕೆ? ಭರಮಸಾಗರದ ಪಕ್ಕದ ಸಿರಿಗೆರೆಯಲ್ಲಿ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನೇ ಕಂಪ್ಯೂಟರಿಗೆ ಇಳಿಸಿ 'ಗಣಕಾಷ್ಟಾಧ್ಯಾಯಿ' ಮಾಡಿದರು, ವಚನಗಳನ್ನೂ ಕಂಪ್ಯೂಟರಿಗೆ ತಂದರು. ಅಷ್ಟು ಸಮೀಪದಲ್ಲಿ ಅಷ್ಟು ದೊಡ್ಡ ಕೆಲಸ ನಡೆದಿದೆ. ಪರದೆಯ ಮೇಲೆ ಕನ್ನಡ ಗೆದ್ದಿತು. ಪರದೆಯ ಹಿಂದೆ ಯಾರೂ ಹೋಗಲಿಲ್ಲ.

ಸರ್ಕಾರದ ಕಥೆ ನೋಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಎಂಬ ಕಾಯ್ದೆ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ಅದರಂತೆ 2025ರ ಫೆಬ್ರವರಿಯಲ್ಲಿ ಆದೇಶ ಹೊರಟಿತು: ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ಮತ್ತು ಗ್ರಾಹಕ ಉತ್ಪನ್ನಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು. ಒಳ್ಳೆಯದು, ಚಪ್ಪಾಳೆ. ಆದರೆ 'ರಾಜ್ಯದಲ್ಲಿ ತಯಾರಾಗುವ' ಎಂಬ ಮಾತಿನ ಸಂದಿಯಲ್ಲಿ ಹೊರಗಿನಿಂದ ಬರುವ ಲ್ಯಾಪ್‌ಟಾಪೆಲ್ಲ ನುಸುಳಿ ಹೋಯಿತು. 'ಬಳಸುವ ವಿಧಾನ' ಎಂದರೆ ಆನ್ ಮಾಡುವುದು, ಆಫ್ ಮಾಡುವುದು. ಬಿಚ್ಚುವುದು ಅದರಲ್ಲಿಲ್ಲ. ಅತ್ತ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಎಂದು ತೆರೆಯಿತು. ಕೃಷಿ ಉಪಕರಣ, ಮೊಬೈಲು-ಟ್ಯಾಬ್ಲೆಟ್ಟು, ಮನೆಬಳಕೆ ವಸ್ತು, ವಾಹನ ಎಂಬ ನಾಲ್ಕು ವಿಭಾಗ. ದುರಸ್ತಿ ಹಕ್ಕಂತೆ! ಓದಲು ಬಾರದ ಭಾಷೆಯಲ್ಲಿ ಕೊಟ್ಟ ಹಕ್ಕನ್ನು ನಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್ಕು ನೆಕ್ಕಬೇಕೆ?

ಆಗದ ಕೆಲಸವೇನಲ್ಲ. ಕೆನಡಾ ದೇಶದ ಕ್ವಿಬೆಕ್ ಎಂಬ ಪ್ರಾಂತ್ಯದವರು 1977ರಲ್ಲೇ ಕಾಯ್ದೆ ಮಾಡಿದರು: ಅಲ್ಲಿ ಮಾರುವ ವಸ್ತುವಿನ ಮೇಲಿನ ಬರಹ, ಜೊತೆಯ ಕೈಪಿಡಿ, ಗ್ಯಾರಂಟಿ ಕಾಗದ ಫ್ರೆಂಚಿನಲ್ಲಿ ಇರಲೇಬೇಕು. ಎಲ್ಲಿ ತಯಾರಾಯಿತು ಎಂಬ ಪ್ರಶ್ನೆಯೇ ಇಲ್ಲ, ಇಲ್ಲಿ ಮಾರುತ್ತೀಯಾ, ಇಲ್ಲಿನ ಭಾಷೆಯಲ್ಲಿ ಕೊಡು. ಅವರ ಜನಸಂಖ್ಯೆ ಒಂದು ಕೋಟಿಯೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಒಂದು ಕೋಟಿಯೂ ಇಲ್ಲದವರಿಗೆ ಕಂಪನಿಗಳು ಕೈಕಟ್ಟಿ ನಿಲ್ಲುತ್ತವೆ. ನಮಗೆ?

ಕಾನೂನು ತಿದ್ದಲು ವರ್ಷಗಳು ಹಿಡಿಯಬಹುದು, ಟೆಂಡರು ತಿದ್ದಲು ಒಂದು ದಿನ ಸಾಕು. ಸರ್ಕಾರ ಶಾಲೆ ಕಾಲೇಜಿಗೆ, ಕಚೇರಿಗೆ ಕಂಪ್ಯೂಟರು, ಲ್ಯಾಪ್‌ಟಾಪು ಕೊಳ್ಳುವುದು ನಮ್ಮ ತೆರಿಗೆ ಹಣದಲ್ಲಿ. ಆ ಟೆಂಡರಿನಲ್ಲಿ ಒಂದೇ ಒಂದು ಸಾಲು ಸೇರಿಸಲಿ: ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕನ್ನಡದಲ್ಲಿ ಕೊಡದ ಕಂಪನಿಯಿಂದ ಕೊಳ್ಳುವುದಿಲ್ಲ, ರ‍್ಯಾಮು, ಡಿಸ್ಕು, ಬ್ಯಾಟರಿ ಬದಲಿಸಲಾಗದಂತೆ ಬೆಸೆದ ಮಾಲು ಬೇಡ. ಲಕ್ಷ ಲ್ಯಾಪ್‌ಟಾಪಿನ ಆರ್ಡರು ಬಿಟ್ಟುಕೊಡುವ ವ್ಯಾಪಾರಿ ಯಾರಿದ್ದಾನೆ? ಆರು ತಿಂಗಳಲ್ಲಿ ಕನ್ನಡ ಕಲಿತುಕೊಂಡು ಬರುತ್ತಾರೆ! ಐಟಿಐಗಳಲ್ಲಿ ಅದೇ ಕೈಪಿಡಿ ಇಟ್ಟು, ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪುಗಳನ್ನೇ ತರಿಸಿ ಬಿಚ್ಚಿಸಲಿ.

ತಡ ಮಾಡುವಂತೆಯೂ ಇಲ್ಲ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಹಳೆಯ ಯಂತ್ರಗಳಲ್ಲಿ ಅನೇಕವನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಹೊಸದು ಕೊಳ್ಳಿ" ಎಂಬ ಒತ್ತಾಯ ಇದು. ಎಸ್‌ಎಸ್‌ಡಿ ಕೂರಿಸಿ ಬಿಟ್ಟಿ ಸಿಗುವ ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ನಾಲ್ಕೈದು ವರ್ಷ ದುಡಿಯುತ್ತದೆ. ಈ ಮಾತನ್ನು ಇಂಗ್ಲಿಷ್ ಓದಬಲ್ಲವನು ಆಗಲೇ ತಿಳಿದುಕೊಂಡು ದುಡ್ಡು ಉಳಿಸಿದ್ದಾನೆ. ಓದಲಾಗದ ರೈತನ ಮಗಳು ಸಾಲ ಮಾಡಿ ಹೊಸದು ಕೊಳ್ಳುತ್ತಾಳೆ. ಭಾಷೆಯ ಪ್ರಶ್ನೆ ಹೊಟ್ಟೆಯ ಪ್ರಶ್ನೆ ಅಲ್ಲವೆನ್ನುವ ಬುದ್ಧಿಜೀವಿಗಳು ಇದಕ್ಕೆ ಉತ್ತರ ಕೊಡಲಿ.

ಒಂದು ಭಯವೂ ಉಂಟು. ಸರ್ಕಾರ ಒಪ್ಪಿತೆಂದು ಇಟ್ಟುಕೊಳ್ಳಿ, ಕೈಪಿಡಿಯ ಕೆಲಸ ಯಾವುದೋ ಪಂಡಿತರ ಸಮಿತಿಗೆ ಹೋಗುತ್ತದೆ. ಅವರು ಎಸ್‌ಎಸ್‌ಡಿಗೆ 'ಘನಸ್ಥಿತಿ ಚಾಲಕ' ಎಂದೂ ಮದರ್‌ಬೋರ್ಡಿಗೆ 'ಮಾತೃಫಲಕ' ಎಂದೂ ಬರೆದು ಶಾಲು ಹೊದಿಸಿಕೊಳ್ಳುತ್ತಾರೆ. ಅಂಥ ಪುಸ್ತಕವನ್ನು ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತರಬೇಕಾಗುತ್ತದೆ! ರೀವೈಂಡಿಂಗ್ ಅಂಗಡಿಯ ಕನ್ನಡ ನಮಗೆ ಬೇಕು. ಸ್ಕ್ರೂ ಸ್ಕ್ರೂ ಆಗಿಯೇ ಇರಲಿ. 'ಬಿಚ್ಚು', 'ಮೀಟು', 'ಕೂರಿಸು', 'ಕಚ್ಚು', 'ಗೂಡು', 'ಓರೆ' ಇವು ಕನ್ನಡವಾಗಿದ್ದರೆ ಸಾಕು, ಕೆಲಸ ನಡೆಯುವುದು ಕ್ರಿಯಾಪದದಲ್ಲಿ.

ಆದ್ದರಿಂದ ಓದುಗರೇ, ಸಮಿತಿ ಕೂರುವ ಮುಂಚೆ ನಾವು ಕೂರೋಣ. ನಿಮ್ಮ ಊರಿನಲ್ಲಿ ಮೊಬೈಲು, ಟಿವಿ, ಲ್ಯಾಪ್‌ಟಾಪು ರಿಪೇರಿ ಮಾಡುವವರು ಯಾರೇ ಇರಲಿ, ಅವರ ಅಂಗಡಿಗೆ ಹೋಗಿ. ಒಳಗಿನ ಒಂದೊಂದು ಭಾಗಕ್ಕೂ, ಒಂದೊಂದು ಕೆಲಸಕ್ಕೂ ಅವರು ಬಾಯಲ್ಲಿ ಏನೆನ್ನುತ್ತಾರೋ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಅವರು ಒಪ್ಪಿದರೆ ಒಂದು ಲ್ಯಾಪ್‌ಟಾಪು ಬಿಚ್ಚುವುದನ್ನು ಪಕ್ಕದಲ್ಲಿ ಕೂತು ನೋಡಿ, ಹೆಜ್ಜೆ ಹೆಜ್ಜೆಗೂ ಚಿತ್ರ ಬರೆಯಿರಿ. ಯಾವ ಕಂಪನಿ, ಯಾವ ಮಾಡೆಲ್ಲು, ಎಷ್ಟು ಸ್ಕ್ರೂ, ಯಾವುದು ಉದ್ದ, ಯಾವುದು ಗಿಡ್ಡ ಎಂದು ಹಾಳೆಯ ಒಂದೇ ಮಗ್ಗುಲಿಗೆ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ.