ಹೌಜಿನ ನೀರು ಅದುರಿದಾಗ

ಶ್ರೀರಂಗಪಟ್ಟಣದ ಕೋಟೆಯೊಳಗೇ ರೈಲುಮಾರ್ಗ ಹಾದುಹೋಗುತ್ತದೆ. ಬೆಂಗಳೂರು, ಮೈಸೂರುಗಳ ನಡುವಿನ ಗಾಡಿಗಳು ಬಂದಾಗಲೆಲ್ಲ ಹಳಿಯ ಆಸುಪಾಸಿನ ಮನೆಗಳ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತವೆ. ನಾವು ಪಾಠ ಹೇಳುವ ಮಸೀದಿಯ ಹೌಜಿನ ನೀರಿನ ಮೇಲೆ ಉಂಗುರ ಉಂಗುರವಾಗಿ ಅಲೆಗಳೇಳುತ್ತವೆ. ಹುಟ್ಟಿದಂದಿನಿಂದ ಈ ಸದ್ದಿನಲ್ಲೇ ಬೆಳೆದ ಮಕ್ಕಳಿಗೆ ಇದು ಲೆಕ್ಕಕ್ಕೇ ಇಲ್ಲದ ಸಂಗತಿ. ಆದರೆ ಕಳೆದ ವರ್ಷ ನಮ್ಮ ಸಂಜೆಯ ಮದ್ರಸಾದ ಏಳು ವರ್ಷದ ಬಾಲಕನೊಬ್ಬ ಇದ್ದಕ್ಕಿದ್ದಂತೆ ಆ ಹೌಜಿನ ಬಳಿ ವುಝೂ ಮಾಡುವುದನ್ನು ನಿಲ್ಲಿಸಿಬಿಟ್ಟ. ಮನೆಯ ನಲ್ಲಿಯಲ್ಲೇ ವುಝೂ ಮುಗಿಸಿ, ಒದ್ದೆ ತೋಳುಗಳೊಂದಿಗೆ ಓಡಿ ಬರುತ್ತಿದ್ದ. ಸೋಮಾರಿತನವೆಂದು ಭಾವಿಸಿ ಒಂದೆರಡು ಬಾರಿ ಗದರಿದೆವು. ಒಂದು ಸಂಜೆ ಕೈಹಿಡಿದು ನಾವೇ ಹೌಜಿನ ಬಳಿ ಕರೆದೊಯ್ದೆವು. ಆ ಹೊತ್ತಿಗೇ ಗಾಡಿ ಬಂದಿತು, ನೀರು ಅದುರಿತು. ಹುಡುಗ ನಮ್ಮ ಕುರ್ತಾವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, "ಹಜ್ರತ್, ಅದು ಬರ್ತಾ ಇದೆಯಾ?" ಎಂದು ಕೇಳಿದ.

'ಅದು' ಯಾವುದೆಂದು ತಿಳಿಯಲು ನಮಗೆ ಮೂರು ದಿನ ಹಿಡಿಯಿತು. ಕೆ.ಆರ್. ಪೇಟೆಯಲ್ಲಿ ಬಂಧುಗಳ ನಿಕಾಹ್. ಹಿರಿಯರು ಅತಿಥಿಗಳ ಉಪಚಾರದಲ್ಲಿ ಮುಳುಗಿದ್ದಾಗ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಲಾಗಿತ್ತು. ಅವರನ್ನು ಸುಮ್ಮನಿರಿಸಲು ಕಾಲೇಜು ಓದುವ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ 'ಜುರಾಸಿಕ್ ಪಾರ್ಕ್' ಹಾಕಿಕೊಟ್ಟಿದ್ದ. ಆ ಚಿತ್ರವನ್ನು ಕಂಡವರಿಗೆ ನೆನಪಿರುತ್ತದೆ: ದೈತ್ಯ ಡೈನೋಸಾರ್ ಬೇಲಿ ದಾಟಿ ಬರುವ ಮೊದಲು, ವಾಹನದೊಳಗಿಟ್ಟ ಲೋಟದ ನೀರು ಅದರ ಹೆಜ್ಜೆಯ ಭಾರಕ್ಕೆ ನಡುಗುತ್ತದೆ. ಮೃಗ ಇನ್ನೂ ಕಾಣಿಸಿರುವುದಿಲ್ಲ, ನೀರು ಮಾತ್ರ ನಡುಗುತ್ತದೆ. ನಮ್ಮ ಬಾಲಕನ ಮನಸ್ಸು ಎರಡನ್ನೂ ಗಂಟುಹಾಕಿಕೊಂಡಿತ್ತು. ನೀರು ಅದುರಿದರೆ ಮೃಗ ಬರುತ್ತದೆ. ನಮ್ಮ ಹೌಜಿನ ನೀರಾದರೋ ದಿನಕ್ಕೆ ಹಲವು ಬಾರಿ ಅದುರುತ್ತದೆ.

ವಿಷಯ ತಿಳಿಸಿದಾಗ ಅವನ ತಂದೆ ನಕ್ಕರು. "ಗಂಡು ಹುಡುಗ ಹಜ್ರತ್, ಎರಡು ದಿನದಲ್ಲಿ ಮರೀತಾನೆ" ಎಂದರು. ದಾದಿಯವರು ನಜರ್ ತಗುಲಿದೆಯೆಂದು ತಾಯಿತಕ್ಕಾಗಿ ಪಟ್ಟು ಹಿಡಿದರು. ನಾಲ್ಕು ತಿಂಗಳಾದರೂ ಅವನು ಮರೆಯಲಿಲ್ಲ. ರಾತ್ರಿ ಒಬ್ಬನೇ ಶೌಚಕ್ಕೆ ಹೋಗಲೊಲ್ಲ, ಹಾಸಿಗೆ ಒದ್ದೆಯಾಗತೊಡಗಿತು. ಅದನ್ನು ತಾಯಿ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು.

ಮಕ್ಕಳು ಬೇಗ ಮರೆಯುತ್ತಾರೆಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಆದರೆ ಅದು ನಿಜವಲ್ಲ. 1999ರಲ್ಲಿ ಅಮೆರಿಕದ ಸಂಶೋಧಕಿಯರಾದ ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೊವಾನ್ ಕ್ಯಾಂಟರ್, ಬಾಲ್ಯದಲ್ಲೋ ಹದಿಹರೆಯದಲ್ಲೋ ಕಂಡ ಭಯದ ಚಿತ್ರಗಳ ಕುರಿತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿದರು. ನೂರಕ್ಕೆ 90 ಮಂದಿಗೆ ಅಂತಹ ಒಂದು ನೆನಪಿತ್ತು. ಅರ್ಧದಷ್ಟು ಜನರಿಗೆ ಆಗ ನಿದ್ರೆ ಅಥವಾ ಊಟ ಕೆಟ್ಟಿತ್ತು. ಸುಮಾರು ಕಾಲುಭಾಗದಷ್ಟು ಜನರಲ್ಲಿ ಆ ಅಂಜಿಕೆಯ ಶೇಷವು ದೊಡ್ಡವರಾದ ಮೇಲೂ ಉಳಿದಿತ್ತು. 1975ರ 'ಜಾಸ್' ಎಂಬ ಶಾರ್ಕ್ ಮೀನಿನ ಚಿತ್ರವನ್ನು ಕಂಡ ಮೇಲೆ ಸಮುದ್ರವಿರಲಿ, ಕೆರೆಯಲ್ಲೂ ಈಜುಕೊಳದಲ್ಲೂ ಇಳಿಯಲು ಹಿಂಜರಿದವರ ಪ್ರಸಂಗಗಳನ್ನು ಕ್ಯಾಂಟರ್ ದಾಖಲಿಸಿದ್ದಾರೆ. ಈಜುಕೊಳದಲ್ಲಿ ಶಾರ್ಕ್ ಇರುವುದಿಲ್ಲವೆಂದು ಅವರಿಗೆ ತಿಳಿಯದೇ ಇರಲಿಲ್ಲ. ಮಿದುಳಿನಲ್ಲಿ ಭಯವನ್ನು ಕಾಪಿಡುವ ಭಾಗವೇ ಬೇರೆ, ತರ್ಕಿಸುವ ಭಾಗವೇ ಬೇರೆ. ಎರಡನೆಯದು ಒಪ್ಪಿದ ಮಾತ್ರಕ್ಕೆ ಮೊದಲನೆಯದು ಸುಮ್ಮನಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೆತ್ತವರು ಅರಿಯುವುದು ಅಗತ್ಯ. ಏಳು ವರ್ಷದೊಳಗಿನ ಮಗುವಿಗೆ ರೂಪವೇ ಸತ್ಯ. ಕೋಪ ಬಂದಾಗ ಹಸಿರು ದೈತ್ಯನಾಗಿ ಮಾರ್ಪಡುವ ನಾಯಕನೊಬ್ಬನ ಕತೆ ಅಮೆರಿಕದ ದೂರದರ್ಶನದಲ್ಲಿ ಬರುತ್ತಿತ್ತು. ಅವನು ಒಳ್ಳೆಯವನು, ದುರ್ಬಲರನ್ನು ಕಾಪಾಡುವವನು. ಆದರೂ ಪುಟ್ಟ ಮಕ್ಕಳು ಅವನನ್ನೇ ಕಂಡು ಬೆಚ್ಚುತ್ತಿದ್ದರು, ದೊಡ್ಡ ಮಕ್ಕಳು ಬೆಚ್ಚುತ್ತಿರಲಿಲ್ಲ. ಆದ್ದರಿಂದ ನಾಲ್ಕು ವರ್ಷದ ಮಗುವಿಗೆ "ಅದೆಲ್ಲ ಸುಳ್ಳು, ಕಂಪ್ಯೂಟರಿನ ಆಟ" ಎಂದು ಎಷ್ಟು ಬಾರಿ ಹೇಳಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಅದಕ್ಕೆ ಬೇಕಾದುದು ತಾಯಿಯ ತೊಡೆ, ಸಣ್ಣ ದೀಪ, ಕುಡಿಯಲು ನೀರು, ಪಕ್ಕದಲ್ಲೊಬ್ಬರು. ವಿವರಣೆ ಎಂಟು, ಒಂಬತ್ತರ ಮಗುವಿಗೆ ಕೆಲಸಕ್ಕೆ ಬರುತ್ತದೆ. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವಾಗಿ ಮಾಡುತ್ತೇವೆ: ಪುಟ್ಟವರಿಗೆ ಉಪನ್ಯಾಸ ನೀಡುತ್ತೇವೆ, ದೊಡ್ಡವರನ್ನು ಗದರಿ ಮಲಗಿಸುತ್ತೇವೆ.

ಭಯವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಪಾಂಡವಪುರದ ಕಬ್ಬಿನ ಗದ್ದೆಗಳ ನಡುವೆ ವಾಸಿಸುವವರಿಗೆ ಚಿರತೆಯ ಭಯವೇನೆಂದು ಗೊತ್ತು. 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡಿತೆಂದು ಕನ್ನಂಬಾಡಿಯ ಬೃಂದಾವನವನ್ನೇ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಭಯಕ್ಕೆ ಒಂದು ಕರ್ತವ್ಯವಿದೆ: ಕತ್ತಲಾಗುವ ಮೊದಲು ಮನೆ ಸೇರು, ಗದ್ದೆಯ ಬದುವಿನಲ್ಲಿ ಒಬ್ಬನೇ ಹೋಗಬೇಡ. ಇರುಳು ಕವಿಯುವ ಹೊತ್ತಿನಲ್ಲಿ ಮಕ್ಕಳನ್ನು ಒಳಗಿರಿಸಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿಕೊಟ್ಟಿದ್ದಾರಲ್ಲವೇ? ಅಂತಹ ಭಯ ಮಗುವಿನ ಕೈಗೆ ಒಂದು ಕೆಲಸ ಕೊಡುತ್ತದೆ, ಕೆಲಸ ಮುಗಿದೊಡನೆ ತಾನೂ ಮುಗಿಯುತ್ತದೆ. ಪರದೆಯ ದೈತ್ಯ ಹಾಗಲ್ಲ. ಅದರಿಂದ ತಪ್ಪಿಸಿಕೊಳ್ಳಲು ಯಾವ ಮನೆ ಸೇರಬೇಕು? ಮನೆಯೊಳಗಿನ ನೀರೂ ನಡುಗುತ್ತದಲ್ಲ!

ನಮ್ಮ ಕೆಲವು ಹಿರಿಯರು ಇದಕ್ಕೆ ಸುಲಭ ಉತ್ತರ ಕೊಡುತ್ತಾರೆ: ಸಿನಿಮಾವೇ ಸಲ್ಲದು, ನೋಡದಿದ್ದರಾಯಿತು. ಸಿನಿಮಾದ ಕುರಿತು ಉಲಮಾಗಳ ಅಭಿಪ್ರಾಯಗಳನ್ನು ಚರ್ಚಿಸುವ ಜಾಗ ಇದಲ್ಲ. ಆದರೆ ಆ ಮನೆಯಲ್ಲಿ ಟಿ.ವಿ.ಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಚಿತ್ರ ಬಂದದ್ದು ಮದುವೆಮನೆಯ ಮೊಬೈಲಿನಿಂದ. 1994ರಲ್ಲಿ ಈ ಚಿತ್ರ ಹಿಂದಿಗೆ ಡಬ್ ಆಗಿ ಬಂದಾಗ ನಾವಿನ್ನೂ ಹುಡುಗರು. ಮೈಸೂರಿಗೆ ಹೋಗಿ ನೋಡಿ ಬಂದವರು ಬೀದಿಯ ಕಟ್ಟೆಯ ಮೇಲೆ ಕುಳಿತು ಕತೆ ಹೇಳುತ್ತಿದ್ದರು. ನೋಡಲು ಹಣ ಬೇಕಿತ್ತು, ಬಸ್ಸು ಬೇಕಿತ್ತು, ಹಿರಿಯರ ಅಪ್ಪಣೆ ಬೇಕಿತ್ತು. ಈಗ ಇವಾವುವೂ ಬೇಡ. ಅಮೆರಿಕದಲ್ಲಿ ಆ ಚಿತ್ರಕ್ಕೆ, ಹದಿಮೂರರೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ ನೀಡುವ ದರ್ಜೆಯನ್ನೇ ಕೊಡಲಾಗಿತ್ತು. ನಮ್ಮ ದೇಶದಲ್ಲೂ 2023ರ ತಿದ್ದುಪಡಿಯ ಮೂಲಕ 'ಯು/ಎ' ಪ್ರಮಾಣಪತ್ರವನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಲಾಗಿದೆ. ಅಂತರ್ಜಾಲದಲ್ಲಿ ಚಿತ್ರ ತೋರಿಸುವ ಸಂಸ್ಥೆಗಳು 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಬೀಗದ ವ್ಯವಸ್ಥೆ ಒದಗಿಸಬೇಕೆಂದು 2021ರ ನಿಯಮಗಳು ಹೇಳುತ್ತವೆ. ಆ ಬೀಗವನ್ನು ಹಾಕಬೇಕಾದವರು ನಾವು. ಮನೆಗೆ ಚಿಲಕ ಹಾಕಿದೆವೇ ಎಂದು ಮಲಗುವ ಮುನ್ನ ಎರಡು ಬಾರಿ ನೋಡುವವರು ಮೊಬೈಲಿನ ಬೀಗವನ್ನು ಒಮ್ಮೆಯೂ ನೋಡಿರುವುದಿಲ್ಲ.

ಇನ್ನು ಕೆಲವರು ಮಗುವಿನ ಹೆದರಿಕೆ ಕಳೆಯಲೆಂದು ಡೈನೋಸಾರ್‌ಗಳೇ ಇರಲಿಲ್ಲ, ಅದು ಕಟ್ಟುಕತೆ ಎಂದು ಹೇಳಿಬಿಡುತ್ತಾರೆ. ಇದು ತಪ್ಪು. ಮನುಷ್ಯರು ಅರಿಯದ ಸೃಷ್ಟಿಗಳೂ ಅಲ್ಲಾಹನಿಗಿವೆಯೆಂಬ ಸೂಚನೆ ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿದೆ. ಗುಜರಾತಿನ ರಾಹಿಯೋಲಿಯಲ್ಲಿ ಅವುಗಳ ಮೂಳೆಗಳೂ ಮೊಟ್ಟೆಗಳೂ ದೊರೆತಿವೆ. ನರ್ಮದಾ ಕಣಿವೆಯ ರಾಜಾಸಾರಸ್‌ಗೆ 2003ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು. ಶಾಲೆಯಲ್ಲಿ ಓದುವ ಮಗುವಿಗೆ ನಾಳೆ ಇದು ತಿಳಿದಾಗ ನಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಇದ್ದವು, ಆದರೆ 6.6 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋದವು, ಯಾವ ಮನುಷ್ಯನೂ ಅವುಗಳನ್ನು ಕಂಡಿಲ್ಲ ಎಂಬ ಸತ್ಯವೇ ಸುಳ್ಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ. ಚಿತ್ರದಲ್ಲಿ ಅಡುಗೆಮನೆಗೆ ನುಗ್ಗಿ ಮಕ್ಕಳನ್ನು ಅಟ್ಟುವ ವೆಲಾಸಿರಾಪ್ಟರ್ ನಿಜದಲ್ಲಿ ಒಂದು ಟರ್ಕಿ ಕೋಳಿಯಷ್ಟಿತ್ತು, ಮೈಮೇಲೆ ಗರಿಗಳಿದ್ದವು. ಇದನ್ನು ಕೇಳಿದಾಗ ನಮ್ಮ ತರಗತಿಯಲ್ಲಿ ಎದ್ದ ನಗೆಯನ್ನು ಓದುಗರು ಊಹಿಸಿಕೊಳ್ಳಬಹುದು.

ಸಿನಿಮಾದವರನ್ನು ದೂರುವ ಮೊದಲು ನಮ್ಮದೊಂದು ತಪ್ಪನ್ನು ಇಲ್ಲಿ ಬರೆಯಬೇಕಾಗಿದೆ. ನಾವು ನಾಗಮಂಗಲದಲ್ಲಿ ಪಾಠ ಹೇಳುತ್ತಿದ್ದ ಆರಂಭದ ದಿನಗಳು. ನಮಾಜಿನ ಕಡೆಗೆ ಮಕ್ಕಳ ಗಮನ ಸೆಳೆಯಬೇಕೆಂಬ ಹುಮ್ಮಸ್ಸಿನಲ್ಲಿ ಆರೇಳು ವರ್ಷದವರ ಮುಂದೆ ಕಬರಿನ ಶಿಕ್ಷೆಯನ್ನೂ ಅಲ್ಲಿನ ಹಾವುಗಳನ್ನೂ ಬಣ್ಣಿಸಿದೆವು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪಾಠ ಚೆನ್ನಾಗಿ ಆಯಿತೆಂದು ನಾವು ಹಿಗ್ಗಿದೆವು. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತನ್ನ ಮಗುವನ್ನು ಸೇರಿಸಲು ನಮ್ಮ ಮದ್ರಸಾಕ್ಕೆ ಬಂದಳು. ನಾಗಮಂಗಲದ ಆ ತರಗತಿಯಲ್ಲಿ ಕುಳಿತಿದ್ದವಳು. ಬಹಳ ಸಂಕೋಚದಿಂದ, ಬಾಗಿಲಿನ ಕಡೆ ನೋಡುತ್ತಾ ಹೇಳಿದಳು: "ಹಜ್ರತ್, ಆ ಪಾಠ ಮಾತ್ರ ಇವಳಿಗೆ ಹೇಳಬೇಡಿ. ನಾನು ಈಗಲೂ ಕಂಬಳಿ ಮುಖದವರೆಗೆ ಹೊದೆಯೋಕೆ ಆಗಲ್ಲ." ನಮಗೆ ಉತ್ತರ ಹೊಳೆಯಲಿಲ್ಲ. ಮದುವೆಮನೆಯಲ್ಲಿ ಮೊಬೈಲು ಹಚ್ಚಿಕೊಟ್ಟ ಆ ಹುಡುಗನಿಗೂ ನಮಗೂ ಏನು ವ್ಯತ್ಯಾಸವಿತ್ತು? ಅವನ ಕೈಯಲ್ಲಿ ಪರದೆಯಾದರೂ ಇತ್ತು. ನಮ್ಮ ಚಿತ್ರಕ್ಕೆ ಪರದೆಯೂ ಇಲ್ಲ, ಕೊನೆಯೂ ಇಲ್ಲ. ಪರಲೋಕದ ಎಚ್ಚರಿಕೆ ದೀನಿನ ಭಾಗವೇ ಸರಿ, ಆದರೆ ಅದನ್ನು ಹೊರಬಲ್ಲ ವಯಸ್ಸಿಗೆ ಮಾತ್ರ ಹೊರಿಸಬೇಕು.

ಪ್ರವಾಸವೊಂದರಲ್ಲಿ ಮಲಗಿದ್ದ ಸಂಗಾತಿಯೊಬ್ಬರ ಹಗ್ಗವನ್ನು ಇತರರು ತಮಾಷೆಗೆಂದು ತೆಗೆದಾಗ ಅವರು ಬೆಚ್ಚಿಬಿದ್ದರೆಂದೂ, ಮುಸ್ಲಿಮನೊಬ್ಬನನ್ನು ಬೆದರಿಸುವುದು ಮುಸ್ಲಿಮನಿಗೆ ಧರ್ಮಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ಆಗ ತಿಳಿಸಿದರೆಂದೂ ಅಬೂದಾವೂದ್‌ನಲ್ಲಿ ವರದಿಯಿದೆ. ಅಲ್ಲಿ ಬೆಚ್ಚಿದವರು ವಯಸ್ಕರು, ಬೆಚ್ಚಿಸಿದ್ದು ಒಂದು ಹಗ್ಗ.

ಹುಡುಗನ ವಿಷಯಕ್ಕೆ ಬರೋಣ. ಮೊದಲು ತಂದೆಯವರೊಡನೆ ಮಾತನಾಡಿ, ಅಣಕಿಸುವುದನ್ನು ನಿಲ್ಲಿಸಿದೆವು. ಹಾಸಿಗೆಯ ವಿಷಯದಲ್ಲಿ ಯಾರೂ ಬಾಯಿ ತೆರೆಯಬಾರದೆಂದು ತಾಯಿಗೆ ತಿಳಿಸಿದೆವು. ಮಲಗುವಾಗ ಕುರ್‌ಆನಿನ ಕೊನೆಯ ಅಧ್ಯಾಯಗಳನ್ನು ಓದಿ, ಅಂಗೈಗೆ ಊದಿ ಮೈ ಸವರಿಕೊಳ್ಳುವ ಪ್ರವಾದಿಚರ್ಯೆಯನ್ನು ದಾದಿಯವರೇ ಅವನ ಪಕ್ಕದಲ್ಲಿ ಕುಳಿತು ಮಾಡಿಸತೊಡಗಿದರು. ತಾಯಿತದ ಮಾತು ತಾನಾಗಿಯೇ ಹಿಂದೆ ಸರಿಯಿತು.

ಆಮೇಲೆ ತರಗತಿಯಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಬೆಂಚಿನ ಮೇಲಿಟ್ಟೆವು. ಚಿತ್ರದಲ್ಲಿ ಆ ಲೋಟದ ನೀರು ಅದುರಿದ್ದು ಯಾವ ಮೃಗದಿಂದಲೂ ಅಲ್ಲ. ವಾಹನದ ಅಡಿಯಲ್ಲಿ ಗಿಟಾರಿನ ತಂತಿ ಬಿಗಿದು ಒಬ್ಬರು ಮೀಟುತ್ತಿದ್ದರು. ಆ ದೈತ್ಯನ ದೊಡ್ಡ ಬೊಂಬೆಯ ಚರ್ಮ ರಬ್ಬರಿನದು, ಮಳೆಯ ದೃಶ್ಯದಲ್ಲಿ ಅದು ನೀರು ಹೀರಿಕೊಂಡು ನಡುಗತೊಡಗುತ್ತಿದ್ದುದರಿಂದ ಕೆಲಸಗಾರರು ಟವೆಲಿನಿಂದ ಒರೆಸಬೇಕಾಗುತ್ತಿತ್ತು. ಅದರ ಗರ್ಜನೆಯಲ್ಲಿ ಆನೆಮರಿಯ ಕೂಗನ್ನೂ ಹುಲಿಯ ಮತ್ತು ಅಮೆರಿಕದ ಮೊಸಳೆಯ ದನಿಯನ್ನೂ ಬೆರೆಸಲಾಗಿತ್ತು. ಎರಡು ಗಂಟೆ ಏಳು ನಿಮಿಷದ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸುವುದು ಒಟ್ಟು ಸುಮಾರು ಹದಿನೈದೇ ನಿಮಿಷ. ಹುಡುಗನಿಗೆ ಟವೆಲಿನ ವಿಷಯ ಬಹಳ ಹಿಡಿಸಿತು. "ಅದಕ್ಕೂ ಚಳಿ ಆಗ್ತಿತ್ತಾ?" ಎಂದು ಕೇಳಿದ. ಅವನೇ ಬೆಂಚಿನ ಅಡಿಯಲ್ಲಿ ಬೆರಳಿನಿಂದ ತಟ್ಟಿ ನೀರನ್ನು ಅದುರಿಸಿದ, ಮತ್ತೆ ಮತ್ತೆ ಅದುರಿಸಿದ. ಆ ದಿನ ಪಾಠ ಮುಂದೆ ಸಾಗಲಿಲ್ಲ.

ಒಂದು ಶುಕ್ರವಾರ ಜುಮಾ ಮುಗಿಸಿ ಅವನನ್ನೂ ತಂದೆಯನ್ನೂ ರಂಗನತಿಟ್ಟಿಗೆ ಕರೆದೊಯ್ದೆವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ಜಾಗ ನಮ್ಮ ಮನೆಬಾಗಿಲಲ್ಲೇ ಇದೆ. ನಮ್ಮ ಎಷ್ಟೋ ಮಕ್ಕಳು ಅದನ್ನು ಕಂಡಿಲ್ಲ. ವಿಜ್ಞಾನಿಗಳ ಮಾತಿನಂತೆ ಡೈನೋಸಾರ್‌ಗಳಿಗೆ ಇಂದು ಬದುಕಿರುವವುಗಳಲ್ಲಿ ತೀರ ಹತ್ತಿರದ ನೆಂಟರು ಹಕ್ಕಿಗಳು ಮತ್ತು ಮೊಸಳೆಗಳು, ಅಲ್ಲಿ ಎರಡೂ ಇವೆ. ದೋಣಿ ಬಂಡೆಯ ಸಮೀಪ ಬಂದಾಗ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯುತ್ತಾ ಮಲಗಿತ್ತು. ಹುಡುಗ ತಂದೆಯ ತೊಡೆಯೇರಿ ಕುಳಿತ, ಆದರೆ ಕಣ್ಣು ಮುಚ್ಚಲಿಲ್ಲ. ಅದು ಅಲುಗಾಡಲಿಲ್ಲ. "ಇದು ಏನೂ ಮಾಡ್ತಾನೇ ಇಲ್ಲ" ಎಂದು ಅವನು ತುಸು ನಿರಾಶೆಯಿಂದಲೇ ಹೇಳಿದ. ತಂದೆ ಈ ಬಾರಿ ನಗಲಿಲ್ಲ. ನದಿಯಲ್ಲಿ ಮಾತ್ರ ಅದರ ಹತ್ತಿರ ಹೋಗಬಾರದು ಬೇಟಾ, ಅದು ಮೊಬೈಲಿನದಲ್ಲ ಎಂದರು.

ಹುಡುಗ ಪೂರ್ತಿ ಗುಣವಾದನೆಂದು ಬರೆಯಲಾರೆವು. ಹೌಜಿನ ಬಳಿ ಈಗ ವುಝೂ ಮಾಡುತ್ತಾನೆ. ಆದರೆ ಮಗ್ರಿಬ್ ಹೊತ್ತಿಗೆ ತಮ್ಮನನ್ನು ಜೊತೆಗೆ ಕರೆತರುತ್ತಾನೆ. ಗಾಡಿ ಬಂದು ನೀರು ಅದುರಿದಾಗ ಕೈ ಹಿಂತೆಗೆದು, ಉಂಗುರಗಳು ಗೋಡೆಗೆ ತಾಗಿ ಕರಗುವವರೆಗೆ ಕಾಯುತ್ತಾನೆ. ಆಮೇಲೆ ಮುಖ ತೊಳೆಯುತ್ತಾನೆ.